0.8 ಮಿ.ಮೀ. ಬಾಲ್ಸಾ ಹಾಳೆಯಿಂದ ಸಮನಾದ ಕಡ್ಡಿ ಸೀಳುವುದು ಹೇಗೆ? (ಒಳಾಂಗಣ ರಬ್ಬರ್ ವಿಮಾನ)

ಜಯನಗರದ ಹವ್ಯಾಸಿ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ರಬ್ಬರ್ ಸುತ್ತಿ ಸಭಾಂಗಣದೊಳಗೆ ಹಾರಿಸುವ ಮಾದರಿ ವಿಮಾನವೊಂದನ್ನು ಎಫ್‌1ಎಲ್ ವರ್ಗದ (ಒಳಾಂಗಣ ಮಾದರಿ ವಿಮಾನಗಳ ಒಂದು ಅಂತರರಾಷ್ಟ್ರೀಯ ಸ್ಪರ್ಧಾ ವರ್ಗ) ಅಳತೆಗೆ ಕಟ್ಟಲು ಹೊರಟಿದ್ದೇನೆ. ರೆಕ್ಕೆಯ ಒಟ್ಟು ಉದ್ದ 18 ಅಂಗುಲ ಮೀರಬಾರದು, ರಬ್ಬರ್ ಬಿಟ್ಟು ವಿಮಾನದ ತೂಕ 1.2 ಗ್ರಾಂಗಿಂತ ಕಡಿಮೆಯಿರಬಾರದು ಎಂಬುದು ಆ ವರ್ಗದ ನಿಯಮ, ಆ 1.2 ಗ್ರಾಂಗೆ ಸಮೀಪ ತಲುಪುವುದೇ ಕಷ್ಟ ಎಂಬುದನ್ನು ಇಲ್ಲಿನ ಹಿರಿಯರಿಗೆ ಹೇಳಬೇಕಾಗಿಲ್ಲ.

ನನ್ನ ಬಳಿ ಇರುವುದು 0.8 ಮಿ.ಮೀ. ದಪ್ಪ, 75 ಮಿ.ಮೀ. ಅಗಲ, 915 ಮಿ.ಮೀ. ಉದ್ದದ ಬಾಲ್ಸಾ (ಬಹಳ ಹಗುರವಾದ ಮರ) ಹಾಳೆಗಳು. ಇವುಗಳಿಂದ ರೆಕ್ಕೆಯ ಉದ್ದಕ್ಕೂ ಹೋಗುವ ಆಧಾರ ಕಡ್ಡಿಗಳಾದ ಮುಂದಿನ ಮತ್ತು ಹಿಂದಿನ ಸ್ಪಾರ್‌ಗಳಿಗಾಗಿ 1.5 ಮಿ.ಮೀ. ಅಗಲದ ಕಡ್ಡಿಗಳನ್ನು ಸೀಳಬೇಕು. ತೊಂದರೆ ಇಲ್ಲೇ ಇದೆ. ಕಡ್ಡಿ 1.5ರಲ್ಲಿ ಆರಂಭವಾಗಿ ನಡುವೆ 1.2ಕ್ಕೆ ಇಳಿದು, ಮುಂದೆ ಮತ್ತೆ ದಪ್ಪವಾಗುತ್ತದೆ. ಬ್ಲೇಡು ಸ್ಕೇಲಿನ ಅಂಚನ್ನು ಬಿಟ್ಟು ತನ್ನದೇ ದಾರಿ ಹಿಡಿದಂತೆ ಕಾಣುತ್ತದೆ. ಕತ್ತರಿಸಿದ ಅಂಚು ನುಣುಪಾಗಿರದೆ ಜಜ್ಜಿದಂತೆ, ನಾರು ಎದ್ದಂತೆ ಇರುತ್ತದೆ. ರೆಕ್ಕೆಗೆ ಕಮಾನಿನ ಆಕಾರ ಕೊಡುವ ಬಾಗಿದ ಅಡ್ಡಪಟ್ಟಿಗಳಾದ ರಿಬ್‌ಗಳನ್ನು ಕತ್ತರಿಸುವಾಗ ಹಿಂದಿನ ತುದಿಯ ಹತ್ತಿರ ಸೀಳು ಬಿಡುವುದು ಇನ್ನೊಂದು ಸಮಸ್ಯೆ.

ಬಳಸುತ್ತಿರುವುದು ಮುರಿದು ಮುರಿದು ಹೊಸ ತುದಿ ಪಡೆಯುವ 9 ಮಿ.ಮೀ. ಕಟರ್, ಹಸಿರು ಕಟಿಂಗ್ ಮ್ಯಾಟ್, 30 ಸೆಂ.ಮೀ. ಸ್ಟೀಲ್ ಸ್ಕೇಲು. ಕಡ್ಡಿ ಸೀಳಲೆಂದೇ ಬರುವ ಬಾಲ್ಸಾ ಸ್ಟ್ರಿಪ್ಪರ್ ಕೊಳ್ಳುವುದು ಒಳ್ಳೆಯದೇ, ಅಥವಾ ಕೆಲವರು ಹೇಳುವಂತೆ ಪೀಣ್ಯದ ಕಡೆ ಯಾವುದಾದರೂ ಲೇಸರ್ ಅಂಗಡಿಗೆ ಎಲ್ಲವನ್ನೂ ಕೊಟ್ಟುಬಿಡುವುದು ಸರಿಯೇ? ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕಾಗಿ ವಿನಂತಿ.

ಹಗುರ ರೆಕ್ಕೆ:

ಮೊದಲು ಆ ಕಟರನ್ನು ಪಕ್ಕಕ್ಕಿಡಿ. ರಟ್ಟು ಕತ್ತರಿಸಲು ಅದು ಒಳ್ಳೆಯ ಉಪಕರಣ, ಆದರೆ ಅದರ ಬ್ಲೇಡಿನ ದಪ್ಪ ಸುಮಾರು 0.4 ಮಿ.ಮೀ. ನೀವು ಸೀಳುತ್ತಿರುವ ಕಡ್ಡಿಯ ಅಗಲ 1.5. ಬ್ಲೇಡು ಒಳಗಿಳಿದಂತೆ ಬೆಣೆಯ ಹಾಗೆ ಎರಡೂ ಬದಿಯ ಮರವನ್ನು ತಳ್ಳಲೇಬೇಕು; ಹಾಳೆಯ ಕಡೆ ಸ್ಕೇಲಿನ ಒತ್ತು ಇರುವುದರಿಂದ ತಳ್ಳಿಸಿಕೊಳ್ಳುವುದು ತೆಳ್ಳನೆಯ ಕಡ್ಡಿಯೇ. ಜಜ್ಜಿದ ಅಂಚಿಗೆ ಕಾರಣ ಇದು. ಗಡ್ಡ ಹೆರೆಯುವ ಎರಡು ಅಂಚಿನ ಸಾಮಾನ್ಯ ಬ್ಲೇಡಿನ ದಪ್ಪ ಕೇವಲ 0.1 ಮಿ.ಮೀ. ಒಳಾಂಗಣ ವಿಮಾನ ಕಟ್ಟುವವರು ದಶಕಗಳಿಂದ ಅದನ್ನೇ ಬಳಸುತ್ತ ಬಂದಿದ್ದಾರೆ. ಬ್ಲೇಡನ್ನು ಅದರ ಕಾಗದದ ಹೊದಿಕೆಯೊಳಗಿದ್ದಂತೆಯೇ ಉದ್ದಕ್ಕೆ ಮಡಚಿ ಎರಡು ಹೋಳು ಮಾಡಿ, ಒಂದು ಹೋಳಿನ ಮೂಲೆಯನ್ನು ಇಕ್ಕಳದಿಂದ ಓರೆಯಾಗಿ ಮುರಿದರೆ ಸೂಜಿಯಂಥ ಮೊನೆ ಸಿಗುತ್ತದೆ. ಅದನ್ನು ಸೀಳಿದ ಬಿದಿರಿನ ಕಡ್ಡಿಯ ನಡುವೆ ಸಿಕ್ಕಿಸಿ ಒಂದು ಹನಿ ಫೆವಿಕ್ವಿಕ್ ಹಾಕಿದರೆ ಹಿಡಿಯೂ ಸಿದ್ಧ. ಮುರಿಯುವಾಗ ಕನ್ನಡಕ ಧರಿಸುವುದು ಕಡ್ಡಾಯ, ಏಕೆಂದರೆ ಚೂರು ಯಾವ ದಿಕ್ಕಿಗೆ ಸಿಡಿಯುತ್ತದೆ ಎಂದು ಹೇಳಲಾಗದು. ಕಾರ್ಬನ್ ಸ್ಟೀಲಿನ ಬ್ಲೇಡು ಸಿಕ್ಕಿದರೆ ಅದನ್ನೇ ಆರಿಸಿ, ಸ್ಟೇನ್‌ಲೆಸ್‌ಗಿಂತ ಅದು ಅಚ್ಚುಕಟ್ಟಾಗಿ ಮುರಿಯುತ್ತದೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ 11ನೇ ಸಂಖ್ಯೆಯ ಸರ್ಜಿಕಲ್ ಬ್ಲೇಡು ದಪ್ಪ ಹಾಳೆಗೆ ಚೆನ್ನ, ಇಲ್ಲಿಗೆ ಅದೂ ದಪ್ಪವೇ.

ಎರಡನೆಯದು ಸ್ಕೇಲು. 460 ಮಿ.ಮೀ. ಕಡ್ಡಿಗೆ 30 ಸೆಂ.ಮೀ. ಸ್ಕೇಲನ್ನು ನಡುವೆ ಸರಿಸಿದರೆ ಆ ಜಾಗದಲ್ಲಿ ಅಗಲ ತಪ್ಪುವುದು ಖಚಿತ. 60 ಸೆಂ.ಮೀ. ಸ್ಟೀಲ್ ಸ್ಕೇಲು ಕೊಂಡು, ಅದರ ಕೆಳಮೈಗೆ 400ನೇ ನಂಬರಿನ ಉಪ್ಪುಕಾಗದದ ಕಿರಿದಾದ ಪಟ್ಟಿಯನ್ನು ಅಂಟಿಸಿ. ಆಗ ಬೆರಳಿನ ಹಗುರ ಒತ್ತಿಗೇ ಅದು ಜಾರದೆ ನಿಲ್ಲುತ್ತದೆ. ಸ್ಕೇಲು ಹಾಳೆಯ ಮೇಲಿರಲಿ, ಕಡ್ಡಿ ಹೊರಗೆ ಬೀಳಲಿ.

ಮ್ಯಾಟಿನ ಬಗ್ಗೆ ನನ್ನ ಅಭಿಪ್ರಾಯ ಎಲ್ಲರಿಗೂ ಒಪ್ಪಿಗೆಯಾಗಲಿಕ್ಕಿಲ್ಲ. ಮೃದುವಾದ ಮ್ಯಾಟಿನೊಳಗೆ ಬ್ಲೇಡಿನ ಮೊನೆ ಇಳಿಯುತ್ತದೆ, ಹಿಂದಿನ ಗೀರುಗಳು ಅದನ್ನು ತಮ್ಮ ಕಡೆಗೆ ಎಳೆಯುತ್ತವೆ. ಬರೀ ಗಾಜಾದರೆ ಮೊನೆ ತಕ್ಷಣ ಮೊಂಡಾಗುತ್ತದೆ. ಗಾಜಿನ ಮೇಲೆ ಹಳೆಯ ಕ್ಯಾಲೆಂಡರಿನ ನುಣುಪಾದ ರಟ್ಟನ್ನು ಹಾಸಿ, ಗೀರು ಹೆಚ್ಚಾದಾಗ ಅದನ್ನು ಬದಲಿಸುತ್ತ ಹೋಗುವುದು ನನಗೆ ಸರಿ ಎನಿಸಿದೆ.

ಒಂದೇ ಎಳೆತಕ್ಕೆ ಕತ್ತರಿಸಬೇಡಿ. ಮೊದಲ ಎಳೆತ ಬರೀ ದಾರಿ ಗುರುತಿಸಲು, ಬ್ಲೇಡಿನ ಭಾರದಷ್ಟೇ ಒತ್ತು ಸಾಕು. ಎರಡನೆಯದೋ ಮೂರನೆಯದೋ ಹಾಳೆಯನ್ನು ದಾಟಲಿ.

ಬಡಗಿಯ ಮೊಮ್ಮಗ:

ಮೇಲಿನವರು ಹೇಳಿದ್ದರಲ್ಲಿ ತಪ್ಪೇನೂ ಇಲ್ಲ, ಆದರೆ ಕ್ರಮ ಹಿಂದುಮುಂದಾಗಿದೆ ಎಂಬುದು ನನ್ನ ಭಾವನೆ. ಕಡ್ಡಿ ನೇರವಾಗಿ ಬರುವುದೋ ಇಲ್ಲವೋ ಎಂಬುದು ಬ್ಲೇಡು ಮರವನ್ನು ಮುಟ್ಟುವ ಮೊದಲೇ, ಯಾವ ಹಾಳೆಯನ್ನು ಹೇಗೆ ಇಟ್ಟಿರಿ ಎಂಬುದರಲ್ಲೇ ನಿರ್ಧಾರವಾಗಿರುತ್ತದೆ. ಜಯನಗರದವರೇ, ಬ್ಲೇಡು ತನ್ನದೇ ದಾರಿ ಹಿಡಿಯುತ್ತದೆ ಎಂದಿರಿ. ಅದು ಹಿಡಿಯುತ್ತಿರುವುದು ನಾರಿನ ದಾರಿಯನ್ನು. ಹಾಳೆಯ ಅಂಚು ಗರಗಸ ಕೊಯ್ದ ರೇಖೆ, ನಾರು ಮರ ಬೆಳೆದ ರೇಖೆ; ಎರಡೂ ಒಂದೇ ಆಗಿರಬೇಕೆಂಬ ನಿಯಮವೇನಿಲ್ಲ.

ಆದ್ದರಿಂದ ಮೊದಲ ಕೆಲಸ ನಾರಿನ ದಿಕ್ಕು ಕಂಡುಹಿಡಿಯುವುದು. ಹಾಳೆಯ ಒಂದು ಕೊನೆಯಲ್ಲಿ, ಅಂಚಿನಿಂದ ಎರಡು ಮೂರು ಮಿ.ಮೀ. ಒಳಗೆ ಸಣ್ಣ ಗೀರು ಹಾಕಿ, ಅಲ್ಲಿಂದ ಕೈಯಲ್ಲೇ ನಿಧಾನವಾಗಿ ಸೀಳಿರಿ. ಆ ಸೀಳು ಹೋದ ರೇಖೆಯೇ ನಾರು. ಸ್ಕೇಲನ್ನು ಅದಕ್ಕೆ ಹೊಂದಿಸಿ ಹೊಸ ಅಂಚನ್ನು ಕತ್ತರಿಸಿಕೊಂಡು, ಮುಂದಿನ ಎಲ್ಲ ಕಡ್ಡಿಗಳನ್ನು ಅದಕ್ಕೆ ಸಮಾನಾಂತರವಾಗಿ ತೆಗೆಯಿರಿ. ಒಂದಷ್ಟು ಮರ ಪೋಲಾಗುತ್ತದೆ. ಈಕ್ವೆಡಾರಿನಿಂದ ಬರುವ ಮರ, ಬೆಲೆಯೂ ಕಡಿಮೆಯಲ್ಲ, ಗಾಳಿಯಂತ್ರಗಳ ರೆಕ್ಕೆಯ ಒಳತಿರುಳಿಗೂ ಅದೇ ಬೇಕಾಗಿರುವುದರಿಂದ ಪೈಪೋಟಿ ಬೇರೆ. ಆದರೂ ಈ ವಿಷಯದಲ್ಲಿ ಜಿಪುಣತನ ಕೂಡದು.

ನಾರು ಸ್ವಲ್ಪ ಓರೆಯಾಗಿಯೇ ಉಳಿದರೆ, ಅದು ಬ್ಲೇಡನ್ನು ಸ್ಕೇಲಿನ ಕಡೆಗೆ ತಳ್ಳುವಂತೆ ಹಾಳೆಯನ್ನು ಇಡಬೇಕು. ಸ್ಕೇಲಿನ ಕಡೆಗೆ ತಳ್ಳಿದರೆ ಸ್ಕೇಲು ತಡೆಯುತ್ತದೆ, ಹೊರಗೆ ಎಳೆದರೆ ತಡೆಯುವವರಿಲ್ಲ. ಇಲ್ಲೊಂದು ಸೂಕ್ಷ್ಮವಿದೆ: ದಿಕ್ಕು ತಪ್ಪಿದೆ ಎಂದು ಹಾಳೆಯ ತಲೆಯನ್ನು ಬುಡದ ಕಡೆಗೆ ತಿರುಗಿಸಿ ಇಟ್ಟರೆ ಪ್ರಯೋಜನವಿಲ್ಲ, ಓರೆ ಹಾಗೆಯೇ ಇರುತ್ತದೆ, ಹಾಳೆಯನ್ನು ಮಗುಚಿ ಕೆಳಮೈ ಮೇಲೆ ಬರುವಂತೆ ಹಾಕಬೇಕು. ನಂಬಿಕೆ ಬಾರದಿದ್ದರೆ ಒಂದು ಕಾಗದದ ಮೇಲೆ ಗಾಢವಾಗಿ ಓರೆ ಗೆರೆ ಎಳೆದು, ತಿರುಗಿಸಿಯೂ ಮಗುಚಿಯೂ ಬೆಳಕಿಗೆ ಹಿಡಿದು ನೋಡಿ.

ಹಾಳೆಯ ಜಾತಿಯನ್ನೂ ನೋಡಿಕೊಳ್ಳಿ. ದಿಮ್ಮಿಯನ್ನು ಯಾವ ಕೋನದಲ್ಲಿ ಕೊಯ್ದರು ಎಂಬುದರ ಮೇಲೆ ಎ, ಬಿ, ಸಿ ಎಂದು ಮೂರು ಬಗೆ. ಉದ್ದನೆಯ ಗೆರೆಗಳಿದ್ದು, ಅಗಲದ ದಿಕ್ಕಿನಲ್ಲಿ ಸುಲಭವಾಗಿ ಸುರುಳಿಯಾಗುವುದು ಎ. ಮೀನಿನ ಪೊರೆಯಂತೆ ಹೊಳೆಯುವ ಚುಕ್ಕೆಗಳಿದ್ದು, ಅಗಲದಲ್ಲಿ ಬಿರುಸಾಗಿದ್ದು, ಬಗ್ಗಿಸಿದರೆ ಪಟ್ಟನೆ ಸೀಳುವುದು ಸಿ. ನಡುವಿನದು ಬಿ. ರಿಬ್‌ಗಳಿಗೆ ಮತ್ತು ಪ್ರೊಪೆಲ್ಲರಿನ ಅಲಗಿಗೆ ಸಿ ಬೇಕು. ಕೊಳವೆಯಾಗಿ ಸುತ್ತುವ ಕೆಲಸಕ್ಕೆ ಎ ಬೇಕು, ಆದರೆ ನಿಮ್ಮ ವರ್ಗದಲ್ಲಿ ಮೋಟರ್ ಕಡ್ಡಿ (ಸುತ್ತಿದ ರಬ್ಬರನ್ನು ಹಿಡಿದಿಡುವ ಕಡ್ಡಿ) ಟೊಳ್ಳಾಗಿರದೆ ಗಟ್ಟಿಯಾಗಿಯೇ ಇರಬೇಕಾದ್ದರಿಂದ ಆ ಚಿಂತೆ ನಿಮಗಿಲ್ಲ. ಸ್ಪಾರ್‌ಗಳಿಗೆ ಎ ಅಥವಾ ಬಿ ಹಾಳೆಯಲ್ಲಿ ನೇರ ನಾರಿರುವ ಭಾಗವನ್ನು ಹುಡುಕಿ.

ಅಂದಹಾಗೆ, ನಮ್ಮ ಬೂರುಗದ ಮರವೂ ಬಾಲ್ಸಾದ ಕುಟುಂಬಕ್ಕೇ ಸೇರಿದ್ದು. ಅದರಿಂದ ವಿಮಾನ ಮಾಡಬಹುದೇ ಎಂದು ಯಾರಾದರೂ ಕೇಳುವ ಮೊದಲೇ ಹೇಳಿಬಿಡುತ್ತೇನೆ: ಈ ತೂಕಕ್ಕೆ ಸಾಧ್ಯವಿಲ್ಲ.

ಪೀಣ್ಯ ಲೇಸರ್:

ಲೇಸರ್ ಕೆಲಸವೇ ನನ್ನ ಜೀವನೋಪಾಯವಾದ್ದರಿಂದ, ನನ್ನ ಮಾತಿನಲ್ಲಿ ಪಕ್ಷಪಾತವಿದ್ದರೆ ಅದು ಲೇಸರ್ ಪರವಾಗಿಯೇ ಇರಬೇಕಿತ್ತು. ಆದರೂ ಸ್ಪಾರ್ ಸೀಳಲು ಲೇಸರ್ ಬೇಡ ಎಂದೇ ಹೇಳುತ್ತೇನೆ. ಕಿರಣವು ಸುಟ್ಟು ತೆಗೆಯುವ ಸೀಳಿನ ಅಗಲವೇ 0.1ರಿಂದ 0.2 ಮಿ.ಮೀ. ಇರುತ್ತದೆ, ಅದನ್ನು ಚಿತ್ರದಲ್ಲಿ ಸರಿಹೊಂದಿಸಬಹುದು, ಆದರೆ ಎರಡೂ ಅಂಚಿನಲ್ಲಿ ಕರಕಲಾದ ಪದರದಲ್ಲಿ ಬಲವಿರುವುದಿಲ್ಲ. 6 ಮಿ.ಮೀ. ಅಗಲದ ತುಂಡಿನಲ್ಲಿ ಅದು ಲೆಕ್ಕಕ್ಕಿಲ್ಲ, 1.5ರ ಕಡ್ಡಿಯಲ್ಲಿ ಲೆಕ್ಕಕ್ಕೆ ಬರುತ್ತದೆ. ಹೊಗೆ ಓಡಿಸಲು ಊದುವ ಗಾಳಿಗೆ ಇಷ್ಟು ಹಗುರದ ಕಡ್ಡಿ ಎದ್ದು ಕಿರಣದ ದಾರಿಗೇ ಬಂದು ಬೀಳುವುದೂ ಉಂಟು.

ಇದಕ್ಕಿಂತ ಮುಖ್ಯವಾದ ಮಾತು ಬಡಗಿಯ ಮೊಮ್ಮಗ ಅವರ ಉತ್ತರದಲ್ಲೇ ಅಡಗಿದೆ. ಲೇಸರ್‌ಗೆ ನಾರಿನ ಪರಿವೆಯೇ ಇಲ್ಲ. ನಾರು ಓರೆಯಾಗಿದ್ದರೂ ಅದು ಗೆರೆ ಎಳೆದ ಹಾಗೆ ನೇರವಾದ ಕಡ್ಡಿಯನ್ನೇ ಕೊಡುತ್ತದೆ, ಆದರೆ ಆ ಕಡ್ಡಿಯಲ್ಲಿ ನಾರುಗಳು ಒಂದು ಅಂಚಿನಿಂದ ಹೊಕ್ಕು ಇನ್ನೊಂದು ಅಂಚಿನಿಂದ ಹೊರಬಿದ್ದಿರುತ್ತವೆ. ನೋಡಲು ಸುಂದರ, ರಬ್ಬರ್ ಪೂರ್ತಿ ಸುತ್ತಿ ಬಿಟ್ಟಾಗ ರೆಕ್ಕೆ ಮುರಿಯುವುದು ಅಲ್ಲೇ. ಬ್ಲೇಡಾದರೆ ನಾರು ಓರೆಯಿದೆ ಎಂಬುದನ್ನು ಕೈಗೆ ತಿಳಿಸಿಯೇ ತೀರುತ್ತದೆ.

ಜಿಗ್‌ಗಳು, ಕಟ್ಟುವ ಹಲಗೆಯ ತಡೆಗಳು ಮುಂತಾದವುಗಳಿಗೆ ಲೇಸರ್ ಬಳಸಿ. ರಿಬ್‌ನ ಅಚ್ಚನ್ನೂ ಅಕ್ರಿಲಿಕ್‌ನಲ್ಲಿ ಮಾಡಿಸಿಕೊಳ್ಳಬಹುದು.

ಜಯನಗರದ ಹವ್ಯಾಸಿ:

ಮೂವರಿಗೂ ಕೃತಜ್ಞತೆಗಳು. ನನ್ನಲ್ಲಿರುವ ಹಾಳೆಗಳನ್ನು ಹೇಳಿದಂತೆ ಸೀಳಿ ನೋಡಿದಾಗ, ಒಂದರಲ್ಲಿ ನಾರು ಅಂಚಿಗೆ ಸಾಕಷ್ಟು ಓರೆಯಾಗಿರುವುದು ಸ್ಪಷ್ಟವಾಯಿತು. ಇನ್ನೊಂದರಲ್ಲಿ ಮೀನಿನ ಪೊರೆಯ ಚುಕ್ಕೆಗಳು ಕಾಣುತ್ತವೆ, ಅದನ್ನು ರಿಬ್‌ಗಳಿಗೆ ಎತ್ತಿಟ್ಟಿದ್ದೇನೆ. ಗಡ್ಡದ ಬ್ಲೇಡಿನಿಂದ ಅಂಚು ನುಣುಪಾಗಿ ಬರುತ್ತಿದೆ. ಹಾಗಾದರೆ ಸ್ಟ್ರಿಪ್ಪರ್ ಬೇಡವೇ? ಒಂದೇ ಅಳತೆಯ ಹಾಳೆಗಳು ಕೈಗೆ ಬೇರೆ ಬೇರೆ ತೂಕವೆನಿಸುತ್ತವೆ, ಅದನ್ನು ಎಷ್ಟರಮಟ್ಟಿಗೆ ಗಮನಿಸಬೇಕು? ರಿಬ್ ಸೀಳುವ ಪ್ರಶ್ನೆ ಇನ್ನೂ ಉಳಿದಿದೆ.

ತೂಕದ ಲೆಕ್ಕ:

ತೂಕದ ವಿಷಯಕ್ಕೆ ನಾನು ಉತ್ತರಿಸುತ್ತೇನೆ. ನಿಮ್ಮ ಹಾಳೆಯ ಗಾತ್ರ ಸುಮಾರು 55 ಘನ ಸೆಂ.ಮೀ. ಅದು 5.5 ಗ್ರಾಂ ತೂಗಿದರೆ ಸಾಂದ್ರತೆ ಘನ ಸೆಂ.ಮೀ.ಗೆ 0.1 ಗ್ರಾಂ, 8.8 ಗ್ರಾಂ ತೂಗಿದರೆ 0.16. ಎರಡನೆಯದು ಬಾಲ್ಸಾದ ಸಾಧಾರಣ ಸಾಂದ್ರತೆ, ಅಂಗಡಿಯ ಕಟ್ಟಿನಲ್ಲಿ ಹೆಚ್ಚಾಗಿ ಸಿಗುವುದು ಅದೇ. 0.8 × 1.5 × 460 ಮಿ.ಮೀ. ಅಳತೆಯ ಒಂದು ಸ್ಪಾರ್ ಮೊದಲ ಹಾಳೆಯಲ್ಲಿ 0.055 ಗ್ರಾಂ, ಎರಡನೆಯದರಲ್ಲಿ 0.088 ಗ್ರಾಂ ಬರುತ್ತದೆ. ಎರಡು ಸ್ಪಾರ್ ಸೇರಿ ವ್ಯತ್ಯಾಸ 0.066 ಗ್ರಾಂ, ಅಂದರೆ ಇಡೀ ವಿಮಾನದ ಮಿತಿಯಲ್ಲಿ ಶೇ. 5ಕ್ಕಿಂತ ಹೆಚ್ಚು. ಬ್ಲೇಡು ಎಷ್ಟೇ ಹರಿತವಾಗಿದ್ದರೂ ಈ ತೂಕವನ್ನು ಅದು ಇಳಿಸಲಾರದು.

ಹಾಗೆಂದು ಅತಿ ಹಗುರದ ಹಾಳೆಯೇ ಉತ್ತಮವೆಂದೂ ಅಲ್ಲ. ಒಂದೇ ಸಾಂದ್ರತೆಯ ಎರಡು ಹಾಳೆಗಳ ಬಿಗಿ (ಬಾಗದೆ ನಿಲ್ಲುವ ಗುಣ) ಬೇರೆಯಾಗಿರಬಹುದು. ಒಂದೇ ಅಳತೆಗೆ ಸೀಳಿದ ಕಡ್ಡಿಗಳನ್ನು ಮೇಜಿನ ಅಂಚಿನಿಂದ ಒಂದೇ ಉದ್ದಕ್ಕೆ ಹೊರಚಾಚಿ, ತುದಿಗೆ ಒಂದೇ ತೂಕದ ಕಾಗದದ ಕ್ಲಿಪ್ಪು ತೂಗುಹಾಕಿ, ಯಾವುದು ಎಷ್ಟು ಬಾಗುತ್ತದೆ ಎಂದು ಹೋಲಿಸಿ. ಬಾಗುವಿಕೆ ಒಂದೇ ಇರುವ ಜೋಡಿಯನ್ನು ಎಡ ಬಲ ರೆಕ್ಕೆಗೆ ಬಳಸಿದರೆ ಹಾರುವಾಗ ರೆಕ್ಕೆಗಳು ಸಮನಾಗಿ ಬಾಗುತ್ತವೆ.

ನೀವು ಹೇಳಿದ 1.5ರಿಂದ 1.2ಕ್ಕೆ ಇಳಿಯುವ ಸಮಸ್ಯೆಯೂ ಇದಕ್ಕೆ ಸಂಬಂಧಿಸಿದ್ದೇ. ಸ್ಪಾರನ್ನು ಆ ಅಳತೆ ಮೇಲೆ ಕೆಳಗೆ ಬರುವಂತೆ ನಿಲ್ಲಿಸಿದಾಗ, ಬಿಗಿಯು ಆ ಎತ್ತರದ ಘನಕ್ಕೆ ಅನುಗುಣವಾಗಿರುತ್ತದೆ. 1.2 ಎಂದರೆ 1.5ರ ಶೇ. 80, 0.8ರ ಘನ 0.512. ಕಣ್ಣಿಗೆ ಕಾಣದಷ್ಟು 0.3 ಮಿ.ಮೀ. ಕಡಿಮೆಯಾದ ಜಾಗದಲ್ಲಿ ಬಿಗಿ ಅರ್ಧಕ್ಕೆ ಇಳಿದಿರುತ್ತದೆ, ಅದೂ ರೆಕ್ಕೆಗೆ ಹೆಚ್ಚು ಒತ್ತಡ ಬೀಳುವ ನಡುಭಾಗದಲ್ಲಿ. ಎಸ್.ಪಿ. ರೋಡಿನಂಥ ಕಡೆ ಸಿಗುವ 0.001 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿಯೂ, ಒಂದು ಕ್ಯಾಲಿಪರ್ರೂ ನಿಮಗೆ ಸ್ಟ್ರಿಪ್ಪರ್‌ಗಿಂತ ಮೊದಲು ಬೇಕು. 0.01 ಗ್ರಾಂ ತೋರಿಸುವ ತಕ್ಕಡಿಯೇ ಇದ್ದರೆ ಹತ್ತು ಕಡ್ಡಿಗಳನ್ನು ಒಟ್ಟಿಗೆ ತೂಗಿ ಸರಾಸರಿ ತೆಗೆಯಿರಿ.

ಮಳೆಗಾಲದ ಬಗ್ಗೆಯೂ ಒಂದು ಮಾತು. ಗಾಳಿಯ ತೇವಾಂಶ ಶೇ. 60 ಇದ್ದಾಗ ಮರ ತನ್ನ ಒಣ ತೂಕದ ಸುಮಾರು ಶೇ. 11ರಷ್ಟು ನೀರು ಹಿಡಿದಿಟ್ಟುಕೊಂಡರೆ, ಶೇ. 80ಕ್ಕೆ ಅದು ಸುಮಾರು 16 ಆಗುತ್ತದೆ. ಜುಲೈನಲ್ಲಿ ತೂಗಿದ ಹಾಳೆಯನ್ನು ಮಾರ್ಚಿನಲ್ಲಿ ತೂಗಿದ ಹಾಳೆಯೊಂದಿಗೆ ಹೋಲಿಸಬೇಡಿ. ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮುಚ್ಚಿದ ಡಬ್ಬಿಯಲ್ಲಿಟ್ಟು, ಒಣಗಿದ ಮೇಲೆ ಒಟ್ಟಿಗೆ ತೂಗುವುದು ಒಳ್ಳೆಯದು. ತೇವಗೊಂಡ ಬಾಲ್ಸಾ ಬ್ಲೇಡಿಗೆ ಸಿಕ್ಕಿ ಹಿಂಜಿದಂತಾಗುವುದರಿಂದ ಸೀಳುವುದಕ್ಕೂ ಒಣ ಹಾಳೆಯೇ ಲೇಸು.

ಹಗುರ ರೆಕ್ಕೆ:

ಸ್ಟ್ರಿಪ್ಪರ್ ಬಗ್ಗೆ ಚಿಕ್ಕ ಉತ್ತರ: ಅದು ಹಾಳೆಯ ಅಂಚನ್ನೇ ಆಧಾರ ಮಾಡಿಕೊಂಡು ಓಡುವ ಸಾಧನ, ಆದ್ದರಿಂದ ಅಂಚಿನ ಡೊಂಕನ್ನು ಪ್ರತಿ ಕಡ್ಡಿಗೂ ವರ್ಗಾಯಿಸುತ್ತದೆ. ಅಂಚು ನೇರ ಮಾಡಿಕೊಂಡ ಮೇಲೆ 2 ಮಿ.ಮೀ. ಮೇಲಿನ ಕಡ್ಡಿಗಳಿಗೆ ಅನುಕೂಲ. ತುದಿಯ ಕಡೆಗೆ ಸಪೂರವಾಗುವ ಸ್ಪಾರ್ ಅದರಿಂದ ಬರುವುದಿಲ್ಲ, ಆದರೆ ನಿಮಗೆ ಕೊನೆಗೆ ಬೇಕಾಗುವುದು ಅಂಥದ್ದೇ: ನಡುವೆ 1.5, ತುದಿಯಲ್ಲಿ 1.0. ಅದಕ್ಕೆ ಅರ್ಧ ರೆಕ್ಕೆಯ ಉದ್ದದ ಎರಡು ಕೊನೆಗಳಲ್ಲಿ ಆ ಅಳತೆಗೆ ಗುಂಡುಸೂಜಿಯಿಂದ ಚುಚ್ಚಿ ಗುರುತು ಮಾಡಿ, ಸೂಜಿಗಳನ್ನು ನಿಲ್ಲಿಸಿ, ಸ್ಕೇಲನ್ನು ಅವುಗಳಿಗೆ ಒರಗಿಸಿ, ಸೂಜಿ ತೆಗೆದು ಸೀಳಿದರೆ ಸಾಕು. ಹೀಗೆ ಸೀಳುವಾಗ ಓರೆಯಾಗುವ ಅಂಚು ಯಾವುದೆಂದು ನೋಡಿಕೊಂಡು, ನಾರಿಗೆ ಸಮಾನಾಂತರವಾದ ನೇರ ಅಂಚನ್ನು ಸ್ಪಾರ್‌ನ ಕೆಳಬದಿಗೆ ಬರುವಂತೆ ಜೋಡಿಸಿ.

ಈಗ ರಿಬ್. ಅಚ್ಚಿಗೆ ಅಕ್ರಿಲಿಕ್‌ಗಿಂತ ಸನ್‌ಮೈಕಾ ಚೂರನ್ನು ನಾನು ಇಷ್ಟಪಡುತ್ತೇನೆ, ಏಕೆಂದರೆ ಅಕ್ರಿಲಿಕ್‌ನ ಅಂಚನ್ನು ಗಡ್ಡದ ಬ್ಲೇಡು ಕೆತ್ತಿಬಿಡುತ್ತದೆ. ಪ್ಲೈವುಡ್ ಅಂಗಡಿಯವರು ಮಾದರಿಗೆಂದು ಇಟ್ಟಿರುವ ಹಳೆಯ ತುಂಡೇ ಸಾಕು. ಬೇಕಾದ ಕಮಾನಿಗೆ ಅರದಿಂದ ತಿದ್ದಿ, ಅಂಚನ್ನು ನೀರು ಹಾಕಿ ಉಜ್ಜುವ ಕಾಗದದಿಂದ ನುಣುಪು ಮಾಡಿ. ಸಿ ಬಗೆಯ ಹಾಳೆಯ ಮೇಲೆ ನಾರು ರಿಬ್‌ನ ಉದ್ದಕ್ಕೆ ಬರುವಂತೆ ಅಚ್ಚನ್ನಿಟ್ಟು ಮೊದಲ ಕಮಾನು ಕತ್ತರಿಸಿ, ಅಚ್ಚನ್ನು 1 ಮಿ.ಮೀ. ಕೆಳಗೆ ಸರಿಸಿ ಮತ್ತೆ ಕತ್ತರಿಸಿದರೆ ಒಂದು ರಿಬ್. ಹೀಗೆಯೇ ಸರಿಸುತ್ತ ಹೋದರೆ ಎಲ್ಲ ರಿಬ್‌ಗಳೂ ಒಂದೇ ಕಮಾನಿನವು ಆಗುತ್ತವೆ.

ತುದಿ ಸೀಳುವುದೇಕೆಂದರೆ, ಕಮಾನಿನ ನೆತ್ತಿ ದಾಟಿದ ಮೇಲೆ ನಿಮ್ಮ ರೇಖೆ ಕೆಳಗಿಳಿಯುತ್ತದೆ, ನಾರು ಮಾತ್ರ ನೇರವಾಗಿ ಮುಂದೆ ಹೋಗುತ್ತದೆ, ಬ್ಲೇಡು ಅಚ್ಚನ್ನು ಬಿಟ್ಟು ನಾರಿನ ಜೊತೆ ಹೊರಡುತ್ತದೆ. ಏರುವಾಗ ಹೀಗಾಗುವುದಿಲ್ಲ, ಆಗ ನಾರು ಬ್ಲೇಡನ್ನು ಅಚ್ಚಿಗೇ ಒತ್ತುತ್ತದೆ. ಆದ್ದರಿಂದ ಒಂದು ತುದಿಯಿಂದ ಇನ್ನೊಂದು ತುದಿಗೆ ಒಂದೇ ಬೀಸಿಗೆ ಎಳೆಯಬೇಡಿ. ಮುಂದಿನ ತುದಿಯಿಂದ ನೆತ್ತಿಯವರೆಗೆ ಒಂದು ಎಳೆತ, ಆಮೇಲೆ ಹಿಂದಿನ ತುದಿಯಿಂದ ನೆತ್ತಿಯವರೆಗೆ ಇನ್ನೊಂದು. ಎರಡೂ ಸೇರುವ ಜಾಗದಲ್ಲಿ ರೇಖೆ ನಾರಿಗೆ ಸಮಾನಾಂತರವಾಗಿರುವುದರಿಂದ ಅಲ್ಲಿ ಮೆಟ್ಟಿಲು ಬೀಳುವುದು ಅಪರೂಪ. ಅಚ್ಚು ಅಲುಗದಂತೆ ಹಿಡಿದಿರುವುದೊಂದೇ ಷರತ್ತು.

ಜಯನಗರದ ಹವ್ಯಾಸಿ:

ಎರಡು ತುದಿಗಳಿಂದ ನೆತ್ತಿಗೆ ಎಂಬ ಉಪಾಯ ಸರಿಹೋಯಿತು, ಧನ್ಯವಾದಗಳು. ಕೊನೆಯದಾಗಿ, ಬಾಲದ ರೆಕ್ಕೆಗೆ 0.5 ಮಿ.ಮೀ. ಹಾಳೆ ಬೇಕಾಗಿದೆ, ನನ್ನಲ್ಲಿ 0.8 ಮಾತ್ರ ಇದೆ. ಮೊದಲು ಕಡ್ಡಿ ಸೀಳಿ ಆಮೇಲೆ ಉಜ್ಜಿ ತೆಳುವಾಗಿಸಬೇಕೇ, ಅಥವಾ ಹಾಳೆಯನ್ನೇ ಉಜ್ಜಬೇಕೇ?

ಬಡಗಿಯ ಮೊಮ್ಮಗ:

ಹಾಳೆಯನ್ನೇ ಉಜ್ಜಿ. ಸೀಳಿದ ಕಡ್ಡಿಯನ್ನು ಉಜ್ಜಲು ಹೋದರೆ ಅಂಚುಗಳು ದುಂಡಗಾಗಿ ಅಳತೆಯೇ ಉಳಿಯುವುದಿಲ್ಲ. ಇಡೀ ಹಾಳೆ ಬೇಡ, ಬೇಕಾದ ಉದ್ದಕ್ಕಿಂತ ಸ್ವಲ್ಪ ಹೆಚ್ಚು ತುಂಡು ಮಾಡಿಕೊಂಡು ಗಾಜಿನ ಮೇಲಿಟ್ಟು, ಒಂದು ಕೊನೆಯನ್ನು ಎಡಗೈಯಿಂದ ಒತ್ತಿಹಿಡಿಯಿರಿ. ಉಪ್ಪುಕಾಗದ ಅಂಟಿಸಿದ ಚಪ್ಪಟೆ ಮರದ ತುಂಡನ್ನು ಹಿಡಿದ ಕೊನೆಯಿಂದ ಹೊರಗಿನ ಕೊನೆಯ ಕಡೆಗೆ ಮಾತ್ರ ಎಳೆಯಿರಿ, ವಾಪಸು ಬರುವಾಗ ಎತ್ತಿಬಿಡಿ. ಹಿಮ್ಮುಖವಾಗಿ ಉಜ್ಜಿದರೆ ಹಾಳೆ ಸುಕ್ಕುಗಟ್ಟಿ ಮಧ್ಯದಲ್ಲಿ ಮುರಿಯುತ್ತದೆ. 320ರಿಂದ ಆರಂಭಿಸಿ 0.55 ಬಂದಾಗ 600ಕ್ಕೆ ಬದಲಾಯಿಸಿ. ನಡುನಡುವೆ ಹಾಳೆಯನ್ನು ಮಗುಚಿ ಎರಡೂ ಮೈಯಿಂದ ಸಮನಾಗಿ ತೆಗೆಯಿರಿ, ಇಲ್ಲವಾದರೆ ಒಂದು ಕಡೆಗೆ ಸುರುಳಿಯಾಗುತ್ತದೆ. ಕೈಯಲ್ಲಿ ಹಿಡಿದಿದ್ದ ಕೊನೆ ದಪ್ಪವಾಗಿಯೇ ಉಳಿಯುವುದರಿಂದ ಅದನ್ನು ಕತ್ತರಿಸಿ ಬಿಸಾಡಿ. ದೂಳು ಬಹಳ ನವಿರು, ಮಾಸ್ಕ್ ಹಾಕಿಕೊಳ್ಳಿ, ಫ್ಯಾನ್ ನಿಲ್ಲಿಸಿ. ಮುರಿದ ಬ್ಲೇಡಿನ ಚೂರುಗಳನ್ನು ಒಂದು ಖಾಲಿ ಡಬ್ಬಿಯ ಮುಚ್ಚಳಕ್ಕೆ ಸೀಳು ಮಾಡಿ ಅದರೊಳಗೇ ಹಾಕುತ್ತ ಬನ್ನಿ, ಕಸ ಒಯ್ಯುವವರ ಕೈಗೆ ಸಿಗಬಾರದು.